ಅಮಾವಾಸ್ಯೆಯ ದಿನ ಹಿಡಿದ ಮೀನು

ನವೆಂಬರ್ 17, 2025, ಸೋಮವಾರ. ರಾಯಚೂರು

ಬಂತು! ಆರು ತಿಂಗಳು ಸತಾಯಿಸಿ ಕೊನೆಗೂ ಆ ಜಲಜೀವಿ ಪತ್ರಿಕೆಯವರ ಮೇಲ್ ಬಂತು. 'ಕೃಷ್ಣಾ ನದಿಯ ಗೂಗಲ್ ಭಾಗದ ಮೀನುಗಳು: ಒಂದು ವರ್ಷದ ಅಧ್ಯಯನ' ಎಂಬ ನಮ್ಮ ಪ್ರಬಂಧವನ್ನು ಸಣ್ಣಪುಟ್ಟ ತಿದ್ದುಪಡಿ ಮಾಡಿಸಿ ಪ್ರಕಟಿಸುತ್ತಾರಂತೆ. ಸ್ಟಾಫ್ ರೂಮಿನಲ್ಲಿ ಎದ್ದು ನಿಂತು ಕೂಗಿಬಿಟ್ಟೆ. ಬಾಟನಿಯ ಗುಲ್ಫಶಾ ತನ್ನ ಡಬ್ಬಿಯ ಖೀಮಾ ನನ್ನ ಬಾಯಿಗೆ ತುರುಕಿ, "ಮುಬಾರಕ್ ಲೇ ಸುಜಾತಾ, ಇನ್ನ ಮ್ಯಾಲ ನೀ ಅತಿಥಿ ಅಲ್ಲ, ಮನಿ ಮಂದಿ" ಎಂದಳು. ಒಂಬತ್ತು ವರ್ಷದಿಂದ ನಾವಿಬ್ಬರೂ ಈ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯರು. ಇಷ್ಟು ವರ್ಷ ಉಳಿದ ಅತಿಥಿಯನ್ನು ಬೇರೆ ಯಾರ ಮನೆಯಲ್ಲಾದರೂ ಹೊರದಬ್ಬಿರುತ್ತಿದ್ದರು.

ಜನವರಿಯಲ್ಲಿ ಊರಿನ ಇನ್ನೊಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರಕ್ಕೆ ಒಂದು ಕಾಯಂ ಹುದ್ದೆಯ ಸಂದರ್ಶನವಿದೆ. ಒಂದೇ ಒಂದು ಹುದ್ದೆ. ಅಚ್ಚಾದ ಪ್ರಬಂಧ ಇಲ್ಲದವರನ್ನು ಮಾತಾಡಿಸಿ ಚಹಾ ಕುಡಿಸಿ ಕಳಿಸುತ್ತಾರೆ. ಮುಂದಿನ ಸಲಕ್ಕೆ ನನ್ನ ವಯಸ್ಸು ಮೀರುತ್ತದೆ. ಹಾಗಾಗಿ ಈ ಪ್ರಬಂಧವೇ ನನ್ನ ಅನ್ನ, ನೀರು, ಮುದುಕಿಯಾಗುವವರೆಗೆ ಹಾಜರಿ ಹಾಕುವ ಹಕ್ಕು.

ಕಿರಿಕಿರಿ ಒಂದೇ. ಮೇಲ್ ಜೊತೆ ಒಂಬತ್ತು ಪುಟದ 'ನೈತಿಕ ಘೋಷಣಾ ಪತ್ರ' ಕಳಿಸಿದ್ದಾರೆ. ಹನ್ನೆರಡು ತಿಂಗಳು ಬಿಸಿಲಲ್ಲಿ ಮೀನು ಎಣಿಸಿದವಳಿಗೆ ನೀತಿ ಪಾಠ! ಸರಿ, ಹನ್ನೆರಡಲ್ಲ, ಹತ್ತು. ಕಳೆದ ವರ್ಷ ಅಕ್ಟೋಬರ್, ನವೆಂಬರ್ ಎರಡು ತಿಂಗಳು ಟೈಫಾಯ್ಡ್ ಬಂದಿದ್ದರಿಂದ ಮನೆಯಲ್ಲೇ ಕುಳಿತು ಮೀನು ಹಿಡಿದೆ. ಸೆಪ್ಟೆಂಬರಿನ ಅಂಕಿ ನೋಡಿದೆ, ಡಿಸೆಂಬರಿನ ಅಂಕಿ ನೋಡಿದೆ, ನಡುವೆ ಹದವಾಗಿ ಎರಡು ಸಾಲು ತುಂಬಿದೆ. ಎಲ್ಲರೂ ಮಾಡುತ್ತಾರೆ. ಮೀನೇನು ಬಂದು ಸಾಕ್ಷಿ ಹೇಳುತ್ತದೆಯೇ?

ನವೆಂಬರ್ 19, ಬುಧವಾರ

ಘೋಷಣಾ ಪತ್ರ ತುಂಬಲು ಕುಳಿತೆ. ತಲೆ ಚಿಟ್ಟು ಹಿಡಿಯಿತು.

ಪ್ರಶ್ನೆ ಮೂರು: 'ಅಧ್ಯಯನದಲ್ಲಿ ಜಲಚರಗಳಿಗೆ ಅನಗತ್ಯ ಹಿಂಸೆಯಾಗಿದೆಯೇ?' ನಾನು ಎಣಿಸಿ ಮುಗಿಸಿದ ಮೇಲೆ ಮೀನುಗಾರ ಮುದುಕಪ್ಪನ ಹೆಂಡತಿ ಬಸವಂತಮ್ಮ ಅವುಗಳಿಗೆ ಖಾರ ಹಚ್ಚಿ ಹುಣಸೆಹುಳಿಯಲ್ಲಿ ಕುದಿಸುತ್ತಿದ್ದಳು. ನನಗೂ ಬಡಿಸುತ್ತಿದ್ದಳು. ಅದು ಅಗತ್ಯ ಹಿಂಸೆ. 'ಇಲ್ಲ' ಎಂದು ಬರೆದೆ.

ಪ್ರಶ್ನೆ ಐದು: 'ಪ್ರತಿ ಲೇಖಕರ ಕೊಡುಗೆಯನ್ನು ವಿವರಿಸಿ.' ಮೊದಲ ಲೇಖಕಿ ನನ್ನ ಮಾರ್ಗದರ್ಶಕಿ ಡಾ. ನೀಲಗಂಗಮ್ಮ. ಎರಡನೆಯವಳು ನಾನು. ಮೇಡಂ ನದಿ ದಂಡೆಯ ಗೂಗಲ್ ಊರಿಗೆ ಬಂದಿದ್ದು ಒಂದೇ ಸಲ. ಕಾರಿನಿಂದ ಕಾಲಿಳಿಸಿ, ಕೆಸರು ನೋಡಿ, ಕಾಲು ಮೇಲೆತ್ತಿಕೊಂಡು, ಅಲ್ಲಮಪ್ರಭು ಗುಡಿಯ ಕಡೆ ಕೈ ಮುಗಿದು ಹೊರಟುಹೋದರು. 'ಅಧ್ಯಯನದ ಪರಿಕಲ್ಪನೆ ಮತ್ತು ಮೇಲ್ವಿಚಾರಣೆ' ಎಂದು ಬರೆದೆ. ಪುಟ ತಿರುವಿದೆ.

ಪರಿಶೀಲಕರೊಬ್ಬರು ಹಾವುಮೀನಿನ ಭಾಗವನ್ನು ಬಹಳ ಹೊಗಳಿದ್ದಾರೆ. ವರ್ಷವಿಡೀ ಒಂದೂ ಹಾವುಮೀನು ಬಲೆಗೆ ಬೀಳಲಿಲ್ಲ, ಈ ಭಾಗದಿಂದ ಅದು ಮರೆಯಾಗಿದೆ ಎಂದು ನಾನು ಬರೆದದ್ದು 'ಅತ್ಯಂತ ಮಹತ್ವದ ತೀರ್ಮಾನ'ವಂತೆ. ಓದಿ ಎದೆ ಉಬ್ಬಿತು.

ಕೊನೆಯ ಪುಟದಲ್ಲಿ ಒಂದು ಹೊಸ ತಲೆನೋವು. ಮೀನು ಹಿಡಿದುಕೊಟ್ಟವರ ಹೆಸರು ಹಾಕಿ, ಹನ್ನೆರಡು ತಾರೀಖುಗಳನ್ನು ಬರೆದು, 'ಈ ದಿನಗಳಂದು ನಾನೇ ಬಲೆ ಹಾಕಿದ್ದೇನೆ' ಎಂದು ಅವರಿಂದ ಸಹಿ ಮಾಡಿಸಬೇಕಂತೆ. ಹೋಗಲಿ, ಮುದುಕಪ್ಪನ ಹೆಸರಾದರೂ ಅಚ್ಚಾಗುತ್ತದೆ. ತುಂಬಿದ ಎರಡು ಸಾಲಿಗೆ ನಾನು ಕೊಟ್ಟ ತಾರೀಖು ಅಕ್ಟೋಬರ್ 2 ಮತ್ತು ನವೆಂಬರ್ 1. ಗಾಂಧಿ ಜಯಂತಿ, ರಾಜ್ಯೋತ್ಸವ. ಎರಡೂ ಕಾಲೇಜಿಗೆ ರಜೆ, ಆ ದಿನ ನಾನೆಲ್ಲಿದ್ದೆ ಎಂದು ಹಾಜರಿ ಪುಸ್ತಕ ಕೇಳುವುದಿಲ್ಲ. ಇಷ್ಟು ಬುದ್ಧಿ ಪಿಎಚ್.ಡಿ.ಯಲ್ಲಿ ಬಳಸಿದ್ದರೆ ಎಂದೋ ಪ್ರೊಫೆಸರ್ ಆಗಿರುತ್ತಿದ್ದೆ.

ನವೆಂಬರ್ 23, ಭಾನುವಾರ. ಮಾನ್ವಿ

ಅಪ್ಪ ಹಾಳು ಮಾಡಿಟ್ಟಿದ್ದಾನೆ. ಓಣಿಗೆಲ್ಲಾ ಹೇಳಿದ್ದಾನೆ. ತಾಲೂಕು ಕಚೇರಿಯಲ್ಲಿ ಮೂವತ್ತೊಂದು ವರ್ಷ ಜವಾನನಾಗಿ ಬೇರೆಯವರ ಕಾಗದ ಹೊತ್ತವನಿಗೆ ಮಗಳ ಹೆಸರಿನ ಕಾಗದ ಬರುತ್ತದೆ ಎಂದರೆ ಹಿಡಿಯುವವರು ಯಾರು? ಬುದ್ಧನ ಫೋಟೋದ ಪಕ್ಕ ಮೊಳೆ ಹೊಡೆದು ಜಾಗ ಮಾಡಿದ್ದಾನೆ.

"ಲ್ಯಾಮಿನೇಷನ್ ಮಾಡ್ಸಿ ಹಾಕ್ತೀನಿ. ಎಷ್ಟು ಹಾಳಿ ಅದಾವ?" ಎಂದ.

"ಹದಿನಾಲ್ಕು ಪುಟ ಅದಾವಪ್ಪಾ. ಗ್ವಾಡಿ ಸಾಲಂಗಿಲ್ಲ."

"ನಿನ್ನ ಹೆಸರಿದ್ದ ಪುಟ ಒಂದ ಸಾಕು" ಎಂದ. ನನ್ನ ಹೆಸರು ಎರಡನೆಯದು ಎಂದು ಹೇಳಲಿಲ್ಲ. ಅವ್ವ ಗೋಪಮ್ಮ ಮೊಳೆ ಸೊಟ್ಟಗಿದೆ ಎಂದು ಅವನೊಂದಿಗೆ ಜಗಳ ತೆಗೆದಳು. ನನಗೆ ನಗು ತಡೆಯಲಾಗಲಿಲ್ಲ.

ನವೆಂಬರ್ 30, ಭಾನುವಾರ

ಇವತ್ತು ನನ್ನ ಮರ್ಯಾದೆ ಕೃಷ್ಣೆಯ ಪಾಲಾಯಿತು.

ದೇವದುರ್ಗದಲ್ಲಿ ಬಸ್ಸು ಬದಲಿಸಿ ಗೂಗಲ್ ತಲುಪುವಾಗ ಹತ್ತು ಗಂಟೆ. ಮುದುಕಪ್ಪ ದಂಡೆಯಲ್ಲಿ ಬಲೆ ಹರವಿಕೊಂಡು ಕುಳಿತಿದ್ದ. ನನ್ನನ್ನು ಕಂಡು "ಬಾರವ್ವಾ, ಎಣಿಸೋ ತಾಯಿ" ಎಂದ. ಬಸವಂತಮ್ಮ ಮೊದಲ ತಿಂಗಳು ನನ್ನ ಮನೆತನ ವಿಚಾರಿಸಿ ಚಹಾವನ್ನು ಕಾಗದದ ಕಪ್ಪಿನಲ್ಲಿ ಕೊಟ್ಟವಳು. ಆಗ ಮೈಯೆಲ್ಲಾ ಉರಿದಿತ್ತು. ಮೂರನೇ ತಿಂಗಳಿಗೆ ತಾನಾಗಿ ಮನೆಯ ತಾಟಿನಲ್ಲಿ ರೊಟ್ಟಿ ಕೊಟ್ಟಳು. ಇವತ್ತೂ ಅದೇ ತಾಟು.

ಮುದುಕಪ್ಪನಿಗೆ ಓದಲು ಬರುವುದಿಲ್ಲ, ಹೆಸರು ಬರೆಯಲಷ್ಟೇ ಬರುತ್ತದೆ. ಹಾಗಾಗಿ ತಾರೀಖುಗಳನ್ನು ನಾನೇ ಗಟ್ಟಿಯಾಗಿ ಓದಿದೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ! ಮೊದಲ ಆರು ತಿಂಗಳ ತಾರೀಖುಗಳಿಗೆ ತಲೆ ಆಡಿಸಿದ. 'ಅಕ್ಟೋಬರ್ ಎರಡು, ಗಾಂಧಿ ಜಯಂತಿ' ಎಂದ ಕೂಡಲೇ ಒಳಗಿನಿಂದ ಬಸವಂತಮ್ಮ ಕೂಗಿದಳು.

"ಯಾವ ಗಾಂಧಿ ಜಯಂತಿ? ಹ್ವಾದ ವರ್ಷದ್ದಾ? ಅವತ್ತು ಮಾರ್ನಮಿ ಅಮಾಸಿ ಇತ್ತಲ್ಲಬೇ!"

"ನಿಂಗ ಹೆಂಗ ನೆನಪದ?" ಎಂದೆ.

"ಮರೀತೀನಾ? ಹಿರ್ಯಾರಿಗೆ ಎಡಿ ಇಡಬೇಕು, ಇವರಪ್ಪಗ ಶೆರಿ ಇಲ್ದ ನಡ್ಯಾಂಗಿಲ್ಲ. ಗಾಂಧಿ ಜಯಂತಿ ಅಂತ ದೇವದುರ್ಗದಾಗ ಒಂದೂ ಸಾರಾಯಿ ಅಂಗಡಿ ತಗದಿಲ್ಲ. ಸತ್ತ ಮಾವ ಬರಿ ಹೋಳಿಗಿ ತಿಂದು ಹೋದ. ಅವತ್ತಿಂದ ನಂಗ ಕನಸಿನ್ಯಾಗ ಬಂದು ಬೈತಾನ."

ಮುದುಕಪ್ಪ ನಗಲಿಲ್ಲ. ಬಲೆ ಕೆಳಗಿಟ್ಟ. "ಮುಂದಿಂದು ಓದು" ಎಂದ. ನವೆಂಬರ್ ಒಂದು ಎಂದೆ. "ದೀಪಾವಳಿ ಅಮಾಸಿ" ಎಂದ. ಪಟ್ಟಿಯನ್ನು ಇನ್ನೊಮ್ಮೆ ನೋಡಿದೆ. ರಜೆ ನೋಡಿದವಳು ತಿಥಿ ನೋಡಿರಲಿಲ್ಲ. ಈ ದಂಡೆಯಲ್ಲಿ ಅಮಾವಾಸ್ಯೆಗೆ ಯಾರೂ ಬಲೆ ಇಳಿಸುವುದಿಲ್ಲ, ಅವರ ಅಜ್ಜಂದಿರ ಕಾಲದಿಂದ ಹಾಗೆಯೇ. ಇಳಿಸಿದವನ ಹರಿಗೋಲನ್ನು ಉಳಿದವರು ಮುಟ್ಟುವುದಿಲ್ಲ. ಇದನ್ನು ನನ್ನ ಪ್ರಬಂಧದ ಎರಡನೇ ಪುಟದಲ್ಲಿ ನಾನೇ ಬರೆದಿದ್ದೇನೆ. ಇಬ್ಬರು ಪರಿಶೀಲಕರು, ಒಬ್ಬ ಸಂಪಾದಕ, ಒಬ್ಬ ಮಾರ್ಗದರ್ಶಕಿ, ಯಾರ ಕಣ್ಣಿಗೂ ಬಿದ್ದಿಲ್ಲ.

"ನನ್ನ ಹೆಸರ್ಲೆ ಅಮಾಸಿ ದಿನ ಬಲಿ ಹಾಕ್ಯಾನ ಅಂತ ಅಚ್ಚ ಮಾಡಸ್ತಿ? ನಾಳಿ ಈ ದಂಡಿಮ್ಯಾಲ ನಾ ಮಾರಿ ಹೆಂಗ ತೋರ್ಸಲವ್ವಾ? ನಮ್ಮ ಮಂದಿ ನನ್ನ ಕೂಡ ಬೀಡಿ ಸೇದಾಂಗಿಲ್ಲ!"

"ಟೈಪ್ ಮಾಡೋವಾಗ ತಪ್ಪಾಗ್ಯಾದ ಯಪ್ಪಾ. ತಿದ್ದಿ ತರ್ತೀನಿ" ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು.

ಡಿಸೆಂಬರ್ 2, ಮಂಗಳವಾರ

ಮೇಡಂ ಬಳಿ ಹೋಗಿ ಎಲ್ಲಾ ಹೇಳಿದೆ, ಎರಡು ತಿಂಗಳು ಹೋಗದೇ ಇದ್ದದ್ದನ್ನೂ. ಅವರಿಗೆ ಗಾಬರಿಯಾಗುತ್ತದೆ ಎಂದುಕೊಂಡಿದ್ದೆ. ಅವರು ಕನ್ನಡಕ ಒರೆಸಿಕೊಂಡರು.

"ಎರಡನೇ ತಾರೀಖು ತಗದು ನಾಕು ಮಾಡ್ರಿ, ಒಂದು ತಗದು ಐದು ಮಾಡ್ರಿ. ತಾರೀಖಿಗೇನು ಜೀವ ಅದ ಏನ್ರಿ?"

ಸರಿಯಾಗಿ ಹೇಳಿದರು. ಎರಡು ಅಂಕಿ ಬದಲಿಸಲು ಅರ್ಧ ನಿಮಿಷ ಹಿಡಿಯಿತು. ಗುಲ್ಫಶಾಳಿಗೆ ಹೇಳಿದರೆ, "ಮೀನು ಎಣಿಸೋದು ಬಿಟ್ಟು ನೀ ಪಂಚಾಂಗ ಬರಿ, ಚಂದ ನಡೀತದ" ಎಂದು ನಕ್ಕಳು. ನಾನೂ ನಕ್ಕೆ. ಆಮೇಲೆ ಯಾಕೋ ಅವಳ ಮೇಲೆ ಸಿಟ್ಟು ಬಂತು.

ಡಿಸೆಂಬರ್ 7, ಭಾನುವಾರ

ಗೂಗಲ್‌ಗೆ ಹೋಗಿ ಬಂದೆ. ತಿದ್ದಿದ ಪಟ್ಟಿ ಓದುತ್ತೇನೆಂದರೆ ಮುದುಕಪ್ಪ ಬೇಡ ಎಂದ. "ಅಮಾಸಿ ತಗದೀಯಿಲ್ಲ?" ಎಂದು ಒಂದೇ ಮಾತು ಕೇಳಿದ. ತೆಗೆದಿದ್ದೇನೆ ಎಂದೆ. ಕೈ ತೊಳೆದುಕೊಂಡು ಬಂದು, ನಾಲಗೆ ಕಚ್ಚಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದ.

ಕೆಲಸ ಮುಗಿಯಿತು. ವಾಪಸು ಬರುವಾಗ ದೇವದುರ್ಗ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಕೊಂಡೆ. ಒಂದು ಕಚ್ಚಿ ಉಳಿದದ್ದನ್ನು ನಾಯಿಗೆ ಹಾಕಿದೆ, ಹಳಸಿತ್ತೆಂದು ಕಾಣುತ್ತದೆ.

ಡಿಸೆಂಬರ್ 9

ಘೋಷಣಾ ಪತ್ರ ಕಳಿಸಲಾಗಲಿಲ್ಲ. ನೆಟ್ ಇರಲಿಲ್ಲ.

ಡಿಸೆಂಬರ್ 11

ನೆಟ್ ಇತ್ತು. ಕಳಿಸಲಿಲ್ಲ. ಮೇಡಂ ಮೂರು ಸಲ ಫೋನ್ ಮಾಡಿದರು. ಕ್ಲಾಸಿನಲ್ಲಿದ್ದೇನೆ ಎಂದೆ. ಕ್ಯಾಂಟೀನಿನಲ್ಲಿದ್ದೆ.

ಡಿಸೆಂಬರ್ 14, ಭಾನುವಾರ

ಬೆಳಿಗ್ಗೆ ಬಟ್ಟೆ ಒಗೆಯಬೇಕೆಂದು ಎದ್ದವಳು ದೇವದುರ್ಗದ ಬಸ್ಸು ಹತ್ತಿದೆ. ಯಾಕೆ ಹತ್ತಿದೆ ಎಂದು ಕಂಡಕ್ಟರ್ ಕೇಳಿದ್ದರೂ ಹೇಳಲಾಗುತ್ತಿರಲಿಲ್ಲ.

ಮುದುಕಪ್ಪ ಹರಿಗೋಲಿನ ತಳಕ್ಕೆ ಡಾಂಬರು ಬಳಿಯುತ್ತಿದ್ದ. ಅವನ ಎದುರು ಕುಳಿತೆ. ಡಾಂಬರಿನ ಡಬ್ಬಿಯನ್ನು ಅವನ ಕಡೆ ಸರಿಸಿದೆ. ಕಡೆಗೆ ಒಂದೇ ಉಸಿರಿಗೆ ಹೇಳಿದೆ. "ಯಪ್ಪಾ, ಅಮಾಸಿ ತಪ್ಪು ಟೈಪಿಂದಲ್ಲ. ಆ ಎರಡು ತಿಂಗಳು ನಾ ಬಂದೇ ಇಲ್ಲ. ಸುಳ್ಳ ಸುಳ್ಳ ಬರದೀನಿ."

"ಗೊತ್ತದ" ಎಂದ, ತಲೆ ಎತ್ತದೆ.

"ಗೊತ್ತದಾ?"

"ಬಂದ ತಿಂಗಳು ಯಾವ್ದು, ಬರಲಾರದ ತಿಂಗಳು ಯಾವ್ದು ಅಂತ ನಂಗ ಗೊತ್ತಾಗಂಗಿಲ್ಲೇನು? ದಂಡಿಮ್ಯಾಲ ಕಾದಾಂವ ನಾನು."

"ಮತ್ತ ಸಹಿ ಯಾಕ ಹಾಕಿದಿ?"

"ಇದರಿಂದ ನೌಕರಿ ಸಿಗ್ತದ ಅಂದಿದ್ದಿ. ಅಮಾಸಿ ಒಂದು ನಂದು, ಅದನ್ನ ತಗದಿ. ಉಳಿದ ಸುಳ್ಳು ನಿಂದು, ನಿಂಗ ಒಳ್ಳೇದಾಗ್ತದಂದ್ರ ಆಗ್ಲಿ ಅಂತ ಹಾಕಿದೆ."

ಬೈದಿದ್ದರೆ ಚೆನ್ನಾಗಿತ್ತು. ನಾಚಿಕೆಯಾಯಿತು. ನನಗೋಸ್ಕರ ಅರವತ್ತೈದು ವರ್ಷದ ಮನುಷ್ಯ ಕೈ ತೊಳೆದುಕೊಂಡು ಬಂದು ಸುಳ್ಳಿಗೆ ಸಹಿ ಹಾಕಿದ್ದ.

ಅಷ್ಟಕ್ಕೇ ಮುಗಿಯಲಿಲ್ಲ. "ಆ ಮಾರ್ನಮಿ ತಿಂಗಳು ನೀ ಬರಬೇಕಿತ್ತವ್ವಾ" ಎಂದ. "ಅಮಾಸಿ ಆದ ವಾರಕ್ಕ ಎರಡು ಹಾವಮೀನ ಬಿದ್ದಿದ್ವು. ತೋಳು ಉದ್ದ. ನೀ ವರ್ಷೆಲ್ಲಾ ಕೇಳಾಕತ್ತಿದ್ದಿ ನೋಡು, ನಿಂಗ ತೋರ್ಸಬೇಕಂತ ಹರಿವ್ಯಾಗ ನೀರು ಹಾಕಿ ಮೂರು ದಿನ ಇಟ್ಟಿದ್ದೆ."

"ಆಮ್ಯಾಲ?"

"ನಾಲ್ಕನೇ ದಿನ ಸಾರು ಮಾಡಿದ್ವಿ" ಎಂದು ಬಸವಂತಮ್ಮ ಒಳಗಿನಿಂದಲೇ ಹೇಳಿದಳು. "ರುಚಿ ಬೇಕಾದ್ರ ಬರಕೋ."

"ಹ್ವಾದ ವರ್ಷ ಡಿಸೆಂಬರಕ್ಕ ಬಂದಾಗ ಯಾಕ ಹೇಳ್ಲಿಲ್ಲ?" ಎಂದು ಕೂಗಿದೆ.

"ಹೇಳಾಕ ಬಂದೆ. ಬಸ್ಸು ಹೋಗ್ತದ ಯಪ್ಪಾ, ಇವತ್ತಿಂದು ಅಷ್ಟ ಎಣಿಸು ಅಂದಿ."

ಅಂದಿದ್ದೆ. ಚೆನ್ನಾಗಿ ನೆನಪಿದೆ. ಅತ್ಯಂತ ಮಹತ್ವದ ತೀರ್ಮಾನ ಮೂರು ದಿನ ಮಣ್ಣಿನ ಹರವಿಯಲ್ಲಿ ಸುತ್ತು ಹಾಕುತ್ತಾ ನನ್ನ ದಾರಿ ಕಾದಿದೆ. ನಾನು ಮನೆಯಲ್ಲಿ ಕುಳಿತು ಅದು ಇಲ್ಲವೇ ಇಲ್ಲ ಎಂದು ಬರೆದಿದ್ದೇನೆ.

ಡಿಸೆಂಬರ್ 16, ಮಂಗಳವಾರ

ಪತ್ರಿಕೆಗೆ ಬರೆದೆ. ಪ್ರಬಂಧ ಹಿಂದಕ್ಕೆ ಪಡೆಯಲು ಅವರದೊಂದು ಫಾರಂ ಇದೆ. ಕಾರಣಕ್ಕೆ ಎರಡು ಸಾಲು ಜಾಗ. 'ಅಕ್ಟೋಬರ್ ಮತ್ತು ನವೆಂಬರ್ 2024ರಲ್ಲಿ ನಾನು ನದಿಗೆ ಹೋಗಿರಲಿಲ್ಲ. ಆ ಅಂಕಿಗಳು ನನ್ನ ಕಲ್ಪನೆ. ಹಾವುಮೀನು ಇದೆ' ಎಂದು ಬರೆದೆ. ಎರಡು ಸಾಲು ಸಾಕಾಯಿತು.

ಇಲ್ಲೂ ಒಂದು ಮಾತು ಬರೆದುಬಿಡುತ್ತೇನೆ, ಈ ಪುಸ್ತಕವನ್ನು ಯಾರೂ ಓದುವುದಿಲ್ಲವಲ್ಲ. ಟೈಫಾಯ್ಡ್ ಬಂದದ್ದು ಅಕ್ಟೋಬರಿನಲ್ಲಿ, ಹದಿನೈದು ದಿನ. ನವೆಂಬರಿನಲ್ಲಿ ನನಗೇನೂ ಆಗಿರಲಿಲ್ಲ. ಹಬ್ಬದ ಬಸ್ಸಿನಲ್ಲಿ ನಿಂತು ಹೋಗಲು ಬೇಸರವಾಯಿತು. ಹೋಗಲಿಲ್ಲ.

ಮೇಡಂಗೆ ಫೋನಿನಲ್ಲಿ ಹೇಳಿದೆ. ಆ ಕಡೆ ಬಾಯಿ ಬಡಿದುಕೊಳ್ಳುವುದೊಂದು ಬಾಕಿ.

"ಒಂದು ಹಾವುಮೀನಿನ ಸಲುವಾಗಿ ನನ್ನ ಹೆಸರು ಕೆಡಸ್ತೀರೇನ್ರಿ?"

"ಎರಡು, ಮೇಡಂ."

"ನಿಮ್ಮಂಥೋರು ಮುಂದ ಬರ್ಲಿ ಅಂತ ಕೈ ಹಿಡಿದ್ರ ಹಿಂಗ ಆಗ್ತದ ನೋಡ್ರಿ!"

ನಮ್ಮಂಥವರು. ಈ ಮಾತು ನಾನು ಸುಳ್ಳು ಬರೆದಾಗ ಬರಲಿಲ್ಲ, ನಿಜ ಬರೆದಾಗ ಬಂತು. ಸಿಟ್ಟಿಗೆ ಕಣ್ಣು ತುಂಬಿತು. "ಕೈ ಹಿಡೀಲಿಲ್ರಿ ಮೇಡಂ, ನೀವು ಕಾರಿನಿಂದ ಕಾಲೂ ಇಳಿಸ್ಲಿಲ್ಲ" ಎಂದು ಇಟ್ಟುಬಿಟ್ಟೆ. ಶಿಫಾರಸು ಪತ್ರಕ್ಕೆ ಎಳ್ಳುನೀರು ಬಿಟ್ಟಹಾಗೆ.

ಡಿಸೆಂಬರ್ 21, ಭಾನುವಾರ. ಮಾನ್ವಿ

ಸಂಪಾದಕರ ಉತ್ತರ ಬಂದಿತ್ತು. ತಿಳಿಸಿದ್ದಕ್ಕೆ ಧನ್ಯವಾದ, ಒಂದು ಪೂರ್ಣ ವರ್ಷ ಮತ್ತೆ ಅಧ್ಯಯನ ಮಾಡಿ ಕಳಿಸಬಹುದು. ಅಷ್ಟೇ. ಹಾರ ತುರಾಯಿ ಹಾಕುತ್ತಾರೆಂದು ನಾನೇನೂ ಕಾದಿರಲಿಲ್ಲ. ಸ್ವಲ್ಪ ಕಾದಿದ್ದೆ.

ಅಪ್ಪನಿಗೆ ಹೇಳಿದೆ. ಅರ್ಥ ಮಾಡಿಕೊಳ್ಳುತ್ತಾನೆ, ತಲೆ ಸವರುತ್ತಾನೆ ಎಂದೆಲ್ಲಾ ಬಸ್ಸಿನಲ್ಲಿ ಅಂದುಕೊಂಡಿದ್ದೆ. ರೇಗಿದ.

"ಹತ್ತು ತಿಂಗಳು ಖರೇ ಇತ್ತಿಲ್ಲ? ಎರಡು ತಿಂಗಳ ಸಲುವಾಗಿ ಎಲ್ಲಾ ನೀರಾಗ ಹಾಕಿದಿ? ಯಾರರ ಕೇಳಿದ್ರೇನು ನಿನ್ನ?"

"ಕೇಳಿರ್ಲಿಲ್ಲಪ್ಪಾ."

"ಕೇಳಲಾರದಽ ಹೇಳಾಕ ನೀ ಏನು ಹುಚ್ಚೀನಾ?"

ಊಟ ಬಿಟ್ಟು ಎದ್ದುಹೋದ. ಅವ್ವ ಅವನ ತಾಟನ್ನು ಮುಚ್ಚಿಟ್ಟಳು. ಅಪ್ಪನದು ತಪ್ಪೆಂದು ನನಗೆ ಅನಿಸುತ್ತಿಲ್ಲ. ನನ್ನದು ಸರಿ ಎಂದೂ ಅನಿಸುತ್ತಿಲ್ಲ. ಬಹಳ ಅತ್ತೆ.

ಜನವರಿ 19, 2026, ಸೋಮವಾರ

ಸಂದರ್ಶನ. ಪ್ರಬಂಧದ ಕಾಲಂ ಖಾಲಿ ನೋಡಿ ಒಬ್ಬರು "ಏನೂ ಪ್ರಕಟ ಆಗಿಲ್ವೇನಮ್ಮಾ?" ಎಂದರು. "ಒಂದು ಆಗುವುದಿತ್ತು ಸರ್. ಅದರಲ್ಲಿ ಸುಳ್ಳಿತ್ತು, ವಾಪಸು ತೆಗೆದುಕೊಂಡೆ" ಎಂದೆ. ಐದು ಮಂದಿಯೂ ತಮ್ಮ ತಮ್ಮ ಚಹಾ ಕಪ್ಪು ನೋಡಿಕೊಂಡರು. ನನಗೂ ಚಹಾ ಕುಡಿಸಿ ಕಳಿಸಿದರು.

ನನಗಿಂತ ಮುಂಚೆ ಒಳಗೆ ಹೋದವನಿಗೆ ಹುದ್ದೆ ಸಿಕ್ಕಿತಂತೆ. ಎರಡು ವರ್ಷದಲ್ಲಿ ಹತ್ತೊಂಬತ್ತು ಪ್ರಬಂಧ. ಆ ಮಹಾನುಭಾವ ಊಟ ಮಾಡುವುದು ಯಾವಾಗ?

ಸ್ಟಾಫ್ ರೂಮಿನಲ್ಲಿ ಗುಲ್ಫಶಾ ಪಕ್ಕಕ್ಕೆ ಬಂದು ಕುಳಿತಳು. ಡಬ್ಬಿ ತೆಗೆದು ಅರ್ಧ ನನ್ನ ಕಡೆ ತಳ್ಳಿದಳು. ಆಮೇಲೆ, "ಮತ್ತ ಆ ಹೊಳಿಗೆ ಹೋಗ್ತಿ?" ಎಂದಳು. ಹೋಗಲೇಬೇಕಲ್ಲ, ತಿಂಗಳ ಎಣಿಕೆ ಇದೆ ಎಂದೆ. ಎಣಿಕೆ ಮತ್ತೆ ಶುರು ಮಾಡುತ್ತೇನೆಂದು ಯಾವಾಗ ನಿರ್ಧರಿಸಿದೆನೋ ನನಗೇ ಗೊತ್ತಿಲ್ಲ.

ಫೆಬ್ರವರಿ 8, ಭಾನುವಾರ

ಗೂಗಲ್. ಹೊಸ ವರ್ಷದ ಎರಡನೇ ಎಣಿಕೆ. ಬಿಸಿಲು ಈಗಲೇ ನೆತ್ತಿ ಸುಡುತ್ತಿದೆ. ಬೆಳಿಗ್ಗೆ ಏಳಕ್ಕೆ ಇಳಿಸಿದ ಬಲೆಯನ್ನು ಮುದುಕಪ್ಪ ಹತ್ತಕ್ಕೆ ಎಳೆದ. ಒಂದು ಹಳೇ ಚಪ್ಪಲಿ, ಒಂದಿಷ್ಟು ಪಾಚಿ. ಮತ್ತೆ ಇಳಿಸಿದ. ಹನ್ನೆರಡಕ್ಕೆ ಎಳೆದ. ಪಾಚಿಯೂ ಇಲ್ಲ.

ಎರಡು ಹರಿಗೋಲಿನವರು ದಂಡೆಯಿಂದ ನೋಡುತ್ತಿದ್ದರು. ಮುದುಕಪ್ಪನ ಮುಖ ಸಣ್ಣದಾಯಿತು. ನಾನು ಪುಸ್ತಕ ತೆಗೆದೆ.

"ಏನು ಬರೀತಿ?" ಎಂದ.

"ಸೊನ್ನಿ."

"ಸೊನ್ನಿ ಬ್ಯಾಡಬೇ! ಐವತ್ತು ವರ್ಷ ಬಲಿ ಹಾಕಿದಾಂವ, ಬರಿಗೈಲೆ ಬಂದ ಅಂತ ಬರೀತಿ? ಒಂದು ನಾಕ ಬರಿ."

"ಆಗಂಗಿಲ್ಲ ಯಪ್ಪಾ."

"ಎರಡ ಬರಿ. ನಾಳಿ ಹಿಡದು ಕೊಡ್ತೀನಿ."

"ನಾಳಿದು ನಾಳಿ."

"ಹಂಗಾದ್ರ ನನ್ನ ಹೆಸರು ತಗದು ಬರಿ."

"ಹೆಸರೂ ತಗ್ಯಾಂಗಿಲ್ಲ."

"ಎಂಥ ಕಟುಕಿ ಇದ್ದೀಯವ್ವಾ ನೀನು!" ಎಂದು ಬಲೆಯನ್ನು ನನ್ನ ಕಾಲ ಬಳಿ ಬಿಸಾಕಿ ಗುಡಿಸಲ ಕಡೆ ನಡೆದ. ಬೈಗುಳ ದಂಡೆಯುದ್ದಕ್ಕೂ ಕೇಳುತ್ತಿತ್ತು. ನಾನು ತಾರೀಖು ಬರೆದೆ, ಮುದುಕಪ್ಪ ಎಂದು ಬರೆದೆ, ಮುಂದೆ ದೊಡ್ಡದಾಗಿ ಒಂದು ಸೊನ್ನೆ ಸುತ್ತಿದೆ.